ಜಾಂಬೋಟಿ ಸೀಮೆಯ ಜ್ವರಗಳೂ ಸಂಧಿವಾತವೆಂಬ ಹೆಸರೂ

೧

ಬೆಳಗಾವಿಯಿಂದ ಚೋರ್ಲಾ ಘಟ್ಟದ ಮಾರ್ಗವಾಗಿ ಗೋವೆಗೆ ಇಳಿಯುವ ರಸ್ತೆಯಲ್ಲಿ, ಖಾನಾಪುರ ತಾಲ್ಲೂಕಿಗೆ ಸೇರಿದ ಜಾಂಬೋಟಿ ಎಂಬ ಗ್ರಾಮವಿದೆ. ಅದರ ಪಶ್ಚಿಮಕ್ಕಿರುವ ಕಣಕುಂಬಿಯು ಮಲಪ್ರಭೆಯ ಉಗಮಸ್ಥಾನ. ಅಲ್ಲಿಂದಾಚೆಗೆ ಸಹ್ಯಾದ್ರಿಯ ದಟ್ಟವಾದ ಕಾಡು. ಅದೇ ನದಿಯ ಜಾಡು ಹಿಡಿದು ಪೂರ್ವಕ್ಕೆ ನಡೆದರೆ ಮಳೆ ಕಡಿಮೆಯಾಗುತ್ತ ಬಂದು, ಎರೆಭೂಮಿಯ ಬಯಲುಸೀಮೆ ತೆರೆದುಕೊಳ್ಳುತ್ತದೆ. ಕಾಡೂ ಬಯಲೂ ಸಂಧಿಸುವ, ಘಟ್ಟದ ಮೇಲಿನವರೂ ಕೆಳಗಿನವರೂ ಕೂಲಿಗಾಗಿ, ವ್ಯಾಪಾರಕ್ಕಾಗಿ ಸಂಚರಿಸುವ ಇಂಥ ಎಡೆಗಳು ರೋಗಗಳ ಇತಿಹಾಸವನ್ನು ಅಭ್ಯಾಸ ಮಾಡುವವರಿಗೆ ವಿಶೇಷವಾಗಿ ಗಮನಾರ್ಹವಾದುವು. ಕಾಡಿನ ಜ್ವರವೂ ಊರಿನ ಜ್ವರವೂ ಇಲ್ಲಿ ಒಂದೇ ಮನೆಯ ಬಾಗಿಲಿಗೆ ಬರಬಹುದು.

ಪ್ರಸ್ತುತ ಪ್ರಬಂಧದಲ್ಲಿ ನಾವು ಪರಿಶೀಲಿಸಬೇಕೆಂದಿರುವುದು ಒಂದು ಸೀಮಿತವಾದ ಪ್ರಶ್ನೆಯನ್ನು. ಮನುಷ್ಯದೇಹದ ರೋಗನಿರೋಧಕ ಶಕ್ತಿಯು ಹೊರಗಿನ ಶತ್ರುವನ್ನು ಬಿಟ್ಟು ತನ್ನ ಅಂಗಾಂಗಗಳ ಮೇಲೆಯೇ ತಿರುಗಿಬಿದ್ದಾಗ ಉಂಟಾಗುವ ವ್ಯಾಧಿಗಳನ್ನು ಸ್ವಪ್ರತಿರೋಧ ರೋಗಗಳೆಂದು ಕರೆಯಬಹುದು. ಕೈಬೆರಳ ಗಿಣ್ಣುಗಳೂ ಮಣಿಕಟ್ಟುಗಳೂ ಎರಡು ಕಡೆಯಲ್ಲಿ ಸಮನಾಗಿ ಊದಿಕೊಂಡು ಬಿಗಿಯುವ ರುಮಟಾಯ್ಡ್ ಸಂಧಿವಾತವು ಇವುಗಳಲ್ಲಿ ಪ್ರಸಿದ್ಧವಾದುದು. ಆದರೆ ಕೆಲವು ವೈರಸ್ ಜ್ವರಗಳು ಪ್ರಾಪ್ತವಯಸ್ಕರಲ್ಲಿ ಇದೇ ಲಕ್ಷಣಗಳನ್ನು ತೋರುತ್ತವೆ. ಕೆಲವು ವೇಳೆ ಅಂಥ ವ್ಯಾಧಿಗೆ ಪ್ರೇರಕವೂ ಆಗುತ್ತವೆ. ಎರಡನ್ನೂ ಬೇರ್ಪಡಿಸುವುದು ಹೇಗೆ? ಪ್ರಯೋಗಶಾಲೆಯ ಪರೀಕ್ಷೆಗಳಷ್ಟೇ ಇದಕ್ಕೆ ಸಾಲವು. ಜ್ವರ ಬಂದ ಕಾಲ ಮತ್ತು ಸ್ಥಳಗಳ ಜ್ಞಾನ, ಎಂದರೆ ಇತಿಹಾಸ, ಇಲ್ಲಿ ರೋಗನಿರ್ಣಯದ ಒಂದು ಸಾಧನವೇ ಆಗಿದೆ ಎಂಬುದು ನಮ್ಮ ಅಭಿಪ್ರಾಯ. ಕರ್ನಾಟಕದ ಚಿಕುನ್‌ಗುನ್ಯ ಜ್ವರದ ಚರಿತ್ರೆಯಿಂದ ಇದನ್ನು ಸ್ಥಾಪಿಸಲು ಯತ್ನಿಸುತ್ತೇವೆ.

೨

ಕೀಲುಬೇನೆಯು ನಮ್ಮ ಜನಕ್ಕೆ ಹೊಸದಲ್ಲ. ಮಾಧವಕರನ ಮಾಧವನಿದಾನದಲ್ಲಿ ಆಮವಾತವನ್ನು ಪ್ರತ್ಯೇಕ ವ್ಯಾಧಿಯೆಂದು ನಿರೂಪಿಸಿರುವುದು ಆಯುರ್ವೇದದ ಪರಿಚಯವಿರುವವರಿಗೆ ತಿಳಿದೇ ಇದೆ. ಪಾಶ್ಚಾತ್ಯ ವೈದ್ಯದಲ್ಲಿ ರುಮಟಾಯ್ಡ್ ಸಂಧಿವಾತ ಎಂಬ ಹೆಸರನ್ನು ೧೮೫೯ರಲ್ಲಿ ಆಲ್ಫ್ರೆಡ್ ಗ್ಯಾರಡ್ ಬಳಕೆಗೆ ತಂದನು. ರೋಗಿಯ ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಎಂಬ ಪ್ರತಿವಸ್ತುವಿರುವುದನ್ನು ೧೯೪೦ರಲ್ಲಿ ನಾರ್ವೆಯ ಎರಿಕ್ ವಾಲರ್ ಗಮನಿಸಿದನು. ಅಲ್ಲಿಂದ ಮುಂದೆ ಈ ವ್ಯಾಧಿಗೆ ರಕ್ತಪರೀಕ್ಷೆಯೊಂದು ಸಾಕ್ಷಿಯಾಗಿ ದೊರೆಯಿತು. ಆದರೆ ಈ ಸಾಕ್ಷಿ ಪೂರ್ಣವಾದುದಲ್ಲ. ನಿಜವಾದ ರುಮಟಾಯ್ಡ್ ರೋಗಿಗಳಲ್ಲಿಯೂ ಒಂದು ಭಾಗದವರ ರಕ್ತದಲ್ಲಿ ಈ ಪ್ರತಿವಸ್ತು ಕಾಣುವುದಿಲ್ಲ. ಕೆಲವು ಸೋಂಕುಗಳಲ್ಲಿ ವ್ಯಾಧಿಯಿಲ್ಲದವರಲ್ಲಿಯೂ ಅದು ಕಾಣುತ್ತದೆ. ವೈರಸ್ಸು ವೇಷ ಹಾಕುವುದಕ್ಕೆ ಎಡೆಯಾಗುವುದು ಈ ಮಬ್ಬಿನಲ್ಲಿಯೇ.

ಜ್ವರದ ಕಡೆಯ ಚರಿತ್ರೆಯೂ ಇಷ್ಟೇ ಗೊಂದಲಮಯವಾದುದು. ೧೭೭೯ರಲ್ಲಿ ಬಟೇವಿಯದ, ಎಂದರೆ ಇಂದಿನ ಜಕಾರ್ತದ, ಡೇವಿಡ್ ಬೈಲನ್ ಎಂಬ ವೈದ್ಯನು ಕೀಲುಗಳನ್ನು ಹಿಡಿಯುವ ಜ್ವರವೊಂದನ್ನು ವರ್ಣಿಸಿದನು. ೧೮೨೪-೨೫ರಲ್ಲಿ ಭಾರತದಲ್ಲಿ ಇಂಥ ಜ್ವರ ಹಬ್ಬಿತು. ೧೮೭೦ರ ಸುಮಾರಿಗೆ ಜಾಂಜಿಬಾರಿನಲ್ಲಿ ತಲೆದೋರಿದ ಇನ್ನೊಂದು ಅಲೆ ಹಡಗುಗಳ ಮೂಲಕ ಮುಂಬಯಿಗೆ ಬಂದು, ೧೮೭೧-೭೨ರಲ್ಲಿ ದೇಶದ ಒಳನಾಡನ್ನು ಸೇರಿತು. ಜಾಂಜಿಬಾರಿನಲ್ಲಿದ್ದ ಜೇಮ್ಸ್ ಕ್ರಿಸ್ಟಿ ಎಂಬ ವೈದ್ಯನು ಇದನ್ನು ಬರೆದಿಟ್ಟನು. ಇವೆಲ್ಲವನ್ನೂ ಬಹುಕಾಲ ಡೆಂಗಿ ಎಂಬ ಒಂದೇ ಹೆಸರಿನಿಂದ ಕರೆಯಲಾಗುತ್ತಿತ್ತು. ೧೯೭೧ರಲ್ಲಿ ಡೊನಾಲ್ಡ್ ಕೇರಿ ಎಂಬ ವಿದ್ವಾಂಸನು ಹಳೆಯ ವರ್ಣನೆಗಳನ್ನು ಮರಳಿ ಓದಿ, ಇವುಗಳಲ್ಲಿ ಹಲವು ಚಿಕುನ್‌ಗುನ್ಯವೇ ಆಗಿರಬೇಕೆಂದು ವಾದಿಸಿದನು. ಜ್ವರ ಇಳಿದ ಮೇಲೂ ಕೀಲುನೋವು ಬಹುದಿನ ಉಳಿಯುತ್ತಿತ್ತೆಂಬ ಉಲ್ಲೇಖವೇ ಅವನ ವಾದದ ಆಧಾರಗಳಲ್ಲಿ ಮುಖ್ಯವಾದುದು. ವೈರಸ್ಸನ್ನು ಕಾಣುವ ಉಪಕರಣಗಳಿಲ್ಲದ ಕಾಲದ ಜ್ವರವನ್ನು, ಅದರ ನೋವಿನ ಅವಧಿಯನ್ನು ನೋಡಿ ಗುರುತಿಸಲಾಯಿತೆಂಬುದು ಇತಿಹಾಸದ ವಿದ್ಯಾರ್ಥಿಗಳು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮಾತು.

ಚಿಕುನ್‌ಗುನ್ಯ ಎಂಬ ಹೆಸರು ಹುಟ್ಟಿದುದು ೧೯೫೨-೫೩ರಲ್ಲಿ, ಪೂರ್ವ ಆಫ್ರಿಕದ ಟಾಂಗನೀಕದಲ್ಲಿ. ಮಕೊಂಡೆ ಭಾಷೆಯಲ್ಲಿ ಅದಕ್ಕೆ ಬಗ್ಗಿಸಿಬಿಡುವುದು ಎಂಬ ಅರ್ಥವಿದೆ. ನೋವಿನಿಂದ ಬಗ್ಗಿ ನಡೆಯುವ ರೋಗಿಯ ಚಿತ್ರ ಅದರಲ್ಲಿದೆ. ೨೦೦೬ರಲ್ಲಿ ಈ ಹೆಸರು ಕನ್ನಡನಾಡಿನ ಹಳ್ಳಿಗಳಲ್ಲಿ ಚಿಕನ್‌ಗುನ್ಯ ಎಂದಾಗಿ, ಕೋಳಿಯ ಮಾಂಸದಿಂದ ಬರುವ ಬೇನೆಯಿದೆಂಬ ಭ್ರಮೆ ಹಬ್ಬಿತು. ಅದೇ ವರ್ಷದ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿದ್ದುದು ಈ ಭ್ರಮೆಗೆ ಪುಷ್ಟಿ ಕೊಟ್ಟಿರಬೇಕು. ಹೆಸರಿನ ತಪ್ಪು ಹೀಗೆ ಜನರ ದೃಷ್ಟಿಯನ್ನು ಸೊಳ್ಳೆಯಿಂದ ಬೇರೆಡೆಗೆ ತಿರುಗಿಸಿತು.

೩

ಸ್ವತಂತ್ರ ಭಾರತದಲ್ಲಿ ಈ ವೈರಸ್ಸು ಮೊದಲು ಪತ್ತೆಯಾದುದು ೧೯೬೩ರಲ್ಲಿ, ಕಲ್ಕತ್ತೆಯಲ್ಲಿ. ಮರುವರ್ಷ ಮದರಾಸು, ೧೯೬೫ರಲ್ಲಿ ನಾಗಪುರ ಮತ್ತು ಆಂಧ್ರದ ಕೆಲವು ಪಟ್ಟಣಗಳು ಇದಕ್ಕೆ ತುತ್ತಾದುವು. ೧೯೭೩ರಲ್ಲಿ ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಇದು ತೀವ್ರವಾಗಿ ಹಬ್ಬಿತು. ಸೋಲಾಪುರವೆಂದರೆ ಕನ್ನಡವು ಮನೆಮಾತಾಗಿರುವ ಅನೇಕ ಕುಟುಂಬಗಳಿರುವ, ವಿಜಾಪುರಕ್ಕೆ ನೆರೆಯಾದ ಜಿಲ್ಲೆ. ಅನಂತರ ರೋಗವು ಕಣ್ಮರೆಯಾಯಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ನಿರ್ದೇಶಕರಾಗಿದ್ದ ಖೋರ್ಷೆದ್ ಪಾವ್ರಿ ಅವರು ೧೯೮೬ರಲ್ಲಿ ಈ ವೈರಸ್ಸು ಭಾರತದಿಂದ ಮರೆಯಾದುದನ್ನು ಕುರಿತೇ ಲೇಖನವೊಂದನ್ನು ಪ್ರಕಟಿಸಿದರು.

ಬಾರ್ಶಿಯಿಂದ ೨೦೦೫ರ ಕೊನೆಯವರೆಗೆ ಮೂವತ್ತೆರಡು ವರ್ಷ. ಅಷ್ಟರಲ್ಲಿ ವೈದ್ಯರ ಒಂದು ತಲೆಮಾರು ನಿವೃತ್ತವಾಗಿ ಇನ್ನೊಂದು ತಲೆಮಾರು ವೃತ್ತಿಗೆ ಬಂದಿತ್ತು. ಹೊಸಬರಿಗೆ ಚಿಕುನ್‌ಗುನ್ಯ ಪಠ್ಯಪುಸ್ತಕದ ಒಂದು ಸಾಲು ಮಾತ್ರವಾಗಿತ್ತು. ೨೦೦೫-೦೬ರಲ್ಲಿ ಹಿಂದೂಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಜನಸಂಖ್ಯೆಯ ಸುಮಾರು ಮೂರನೆಯ ಒಂದು ಭಾಗ ಈ ಜ್ವರಕ್ಕೆ ಸಿಕ್ಕಿತು. ಅದೇ ಸಮಯದಲ್ಲಿ ಆಂಧ್ರ, ಕರ್ನಾಟಕ, ಮಹಾರಾಷ್ಟ್ರಗಳಲ್ಲಿಯೂ ಅದು ಎದ್ದಿತು. ೨೦೦೬ರ ಅಕ್ಟೋಬರಿನ ಹೊತ್ತಿಗೆ ದೇಶದಲ್ಲಿ ವರದಿಯಾದ ಶಂಕಿತ ರೋಗಿಗಳು ಸುಮಾರು ೧೨.೫ ಲಕ್ಷ; ಅವರಲ್ಲಿ ೭,೫೨,೨೪೫ ಮಂದಿ ಕರ್ನಾಟಕದವರು. ಬೆಳಗಾವಿ ಜಿಲ್ಲೆಯೂ ಇದಕ್ಕೆ ಹೊರತಾಗಲಿಲ್ಲ. ವಾರಕ್ಕೊಮ್ಮೆ ಬರುವ ನಲ್ಲಿಯ ನೀರನ್ನು ಹಂಡೆ, ಪೀಪಾಯಿ, ಸಿಮೆಂಟಿನ ತೊಟ್ಟಿಗಳಲ್ಲಿ ತುಂಬಿಡಬೇಕಾದ ಒಣನಾಡಿನ ಮನೆಗಳು ಈಡಿಸ್ ಈಜಿಪ್ಟಿ ಎಂಬ ಸೊಳ್ಳೆಗೆ ತವರಾಗಿದ್ದುವು. ನೀರಿನ ಕೊರತೆಯೇ ಸೊಳ್ಳೆಯ ಸಮೃದ್ಧಿಗೆ ಕಾರಣವಾದುದು ವಿಚಿತ್ರವಾದರೂ ಸತ್ಯ.

ಬೆಂಗಳೂರಿನಲ್ಲಿರುವ ರಾಷ್ಟ್ರೀಯ ವೈರಾಣು ಸಂಸ್ಥೆಯ ಘಟಕದ ಪ್ರಸನ್ನ ಯರಗೋಳಕರ ಮತ್ತು ಅವರ ಸಂಗಡಿಗರು ಅದೇ ವರ್ಷ ಒಂದು ಮುಖ್ಯವಾದ ಅಂಶವನ್ನು ತೋರಿಸಿಕೊಟ್ಟರು. ೧೯೬೩ರಿಂದ ೧೯೭೩ರವರೆಗಿನ ವೈರಸ್ಸುಗಳು ಏಷ್ಯದ ವಂಶಕ್ಕೆ ಸೇರಿದ್ದರೆ, ೨೦೦೬ರದು ಆಫ್ರಿಕದ ವಂಶಕ್ಕೆ ಸೇರಿದುದು. ಪುಣೆ ಜಿಲ್ಲೆಯ ಯವತದಲ್ಲಿ ೨೦೦೦ದಲ್ಲಿ ಹಿಡಿದ ಸೊಳ್ಳೆಗಳಿಂದ ದೊರೆತ ವೈರಸ್ಸೂ ಈ ಆಫ್ರಿಕದ ವಂಶದ್ದೇ. ಎಂದರೆ, ಜನ ಮಲಗುವುದಕ್ಕೆ ಐದು ವರ್ಷಗಳ ಮೊದಲೇ ರೋಗವು ನಾಡಿನೊಳಗೆ ಕಾಲಿಟ್ಟಿತ್ತು. ೨೦೦೮ರಲ್ಲಿ ಅದು ಮಳೆನಾಡಾದ ದಕ್ಷಿಣ ಕನ್ನಡವನ್ನೂ ಹಿಡಿಯಿತು. ಹೀಗೆ ಬಯಲಿನಲ್ಲಿಯೂ ಮಲೆಯಲ್ಲಿಯೂ ನೆಲೆಗೊಳ್ಳಬಲ್ಲೆನೆಂದು ಈ ಜ್ವರವು ಎರಡೇ ವರ್ಷಗಳಲ್ಲಿ ಸಾಧಿಸಿ ತೋರಿಸಿತು. ಎರಡರ ನಡುವಿನ ಖಾನಾಪುರದಂಥ ತಾಲ್ಲೂಕುಗಳಿಗೆ ಇದರ ಅರ್ಥವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

೪

ಅಧಿಕೃತ ಅಂಕಿಗಳು ಜ್ವರವನ್ನು ಎಣಿಸಿದುವು, ಕೀಲುಗಳನ್ನು ಎಣಿಸಲಿಲ್ಲ. ಜ್ವರವು ಕೆಲವೇ ದಿನಗಳದು. ಕೀಲುನೋವು ಬಹಳ ಮಂದಿಗೆ ವಾರಗಳದು, ಕೆಲವರಿಗೆ ವರ್ಷಗಳದು. ದಕ್ಷಿಣ ಕನ್ನಡದಲ್ಲಿ ೨೦೦೮ರ ರೋಗಿಗಳನ್ನು ಹಿಂಬಾಲಿಸಿ ನೋಡಿದ ಅಧ್ಯಯನದಲ್ಲಿ, ಹತ್ತು ತಿಂಗಳ ಅನಂತರವೂ ಸುಮಾರು ಅರ್ಧದಷ್ಟು ಮಂದಿಯಲ್ಲಿ ನೋವು ಉಳಿದಿತ್ತು. ಅವರಲ್ಲಿ ಹಲವರು ರುಮಟಾಯ್ಡ್ ಸಂಧಿವಾತಕ್ಕೆ ಗೊತ್ತುಪಡಿಸಿದ ಲಕ್ಷಣಸೂತ್ರಗಳಿಗೆ ಸರಿಹೊಂದುತ್ತಿದ್ದರು, ಎಂ.ಆರ್.ಐ. ಚಿತ್ರಗಳಲ್ಲಿ ಕೀಲಿನ ಒಳಪೊರೆ ದಪ್ಪಗಾಗಿರುವುದೂ ನೀರು ತುಂಬಿರುವುದೂ ಕಂಡುಬಂದುವು. ಇದಕ್ಕೆ ಬಹಳ ಹಿಂದೆ, ೧೯೮೩ರಲ್ಲಿ, ದಕ್ಷಿಣ ಆಫ್ರಿಕದ ಬ್ರೈಟನ್ ಮತ್ತು ಸಂಗಡಿಗರು ೧೦೭ ಮಂದಿಯನ್ನು ಕನಿಷ್ಠ ಮೂರು ವರ್ಷಗಳ ತರುವಾಯ ವಿಚಾರಿಸಿದ್ದರು, ಶೇಕಡ ೮೭.೯ರಷ್ಟು ಮಂದಿ ಪೂರ್ಣವಾಗಿ ಗುಣಹೊಂದಿದ್ದರು, ಉಳಿದವರಲ್ಲಿ ಬಿಗಿತವೋ ನೋವೋ ಉಳಿದಿತ್ತು. ಈ ಎರಡು ಅಧ್ಯಯನಗಳನ್ನು ಜೊತೆಯಲ್ಲಿಟ್ಟು ಓದಿದರೆ ಹತ್ತು ತಿಂಗಳಿಗೂ ಮೂರು ವರ್ಷಕ್ಕೂ ಎಷ್ಟು ಅಂತರವೆಂಬುದು ತಿಳಿಯುತ್ತದೆ. ರೋಗಿಯನ್ನು ಯಾವಾಗ ನೋಡಿದೆವೆಂಬುದರ ಮೇಲೆ ರೋಗದ ಸ್ವರೂಪವೇ ಬದಲಾಗುತ್ತದೆ.

ವೇಷದ ಸಾದೃಶ್ಯವು ಮೇಲುಮೇಲಿನದಷ್ಟೇ ಅಲ್ಲ. ೨೦೧೪ರಲ್ಲಿ ಹೈತಿ ದೇಶಕ್ಕೆ ಹೋಗಿ ಚಿಕುನ್‌ಗುನ್ಯ ತಗಲಿಸಿಕೊಂಡು ಬಂದ ಹತ್ತು ಮಂದಿ ಅಮೆರಿಕನರನ್ನು ಸೇಂಟ್ ಲೂಯಿಯ ವೈದ್ಯರು ಪರೀಕ್ಷಿಸಿದರು. ಅವರಲ್ಲಿ ಎಂಟು ಮಂದಿಗೆ ೨೦೧೦ರ ಅಂತರರಾಷ್ಟ್ರೀಯ ಸೂತ್ರದ ಪ್ರಕಾರ ರುಮಟಾಯ್ಡ್ ಸಂಧಿವಾತವೆಂಬ ಹೆಸರನ್ನೇ ಕೊಡಬೇಕಾಗಿತ್ತು. ರಕ್ತದಲ್ಲಿನ ಶ್ವೇತಕಣಗಳ ನಡವಳಿಕೆ ಕೂಡ ಎರಡು ರೋಗಗಳಲ್ಲಿ ಬಹುಮಟ್ಟಿಗೆ ಒಂದೇ ಬಗೆಯಾಗಿತ್ತು. ಅವರು ಇಂಥ ದಿನ ಇಂಥ ಊರಿಗೆ ಹೋಗಿದ್ದರೆಂಬ ಸಂಗತಿ ಗೊತ್ತಿಲ್ಲದೆ ಹೋಗಿದ್ದರೆ ಹೆಸರು ತಪ್ಪುತ್ತಿತ್ತು. ಪ್ರಯಾಣದ ಒಂದು ಮಾತು ಇಲ್ಲಿ ಸೂತ್ರಕ್ಕಿಂತ ಹೆಚ್ಚಿನ ಸಾಕ್ಷಿಯಾಯಿತು.

ಒಳಗೆ ನಡೆಯುವುದೇನು? ವೈರಸ್ಸು ಕೀಲಿನ ಪೊರೆಯ ಕಣಗಳನ್ನೂ, ಕಸವನ್ನು ನುಂಗಿ ಶುದ್ಧಿಮಾಡುವ ಮ್ಯಾಕ್ರೋಫೇಜ್ ಕಣಗಳನ್ನೂ ಹೊಗುತ್ತದೆ. ಅವುಗಳನ್ನು ನಾಶಮಾಡಲು ರಕ್ಷಣಾಶಕ್ತಿಯು ಧಾವಿಸುತ್ತದೆ. ಊತವು ಆ ಯುದ್ಧದ ಫಲ. ಇಷ್ಟರಲ್ಲಿ ವಿವಾದವಿಲ್ಲ. ಅನಂತರವೂ ಯುದ್ಧ ನಿಲ್ಲದಿರುವುದಕ್ಕೆ ಕಾರಣವೇನೆಂಬಲ್ಲಿ ಮತಭೇದವಿದೆ. ೨೦೧೦ರಲ್ಲಿ ರಿಯೂನಿಯನ್ನಿನ ಸಂಶೋಧಕರು, ಹದಿನೆಂಟು ತಿಂಗಳ ತರುವಾಯ ಒಬ್ಬ ರೋಗಿಯ ಕೀಲಿನ ಪೊರೆಯಲ್ಲಿ ವೈರಸ್ಸಿನ ಆನುವಂಶಿಕ ದ್ರವ್ಯವನ್ನು ಕಂಡರು. ೨೦೧೮ರಲ್ಲಿ ಪ್ರಕಟವಾದ ಕೊಲಂಬಿಯದ ಅಧ್ಯಯನದಲ್ಲಿ, ಇಪ್ಪತ್ತೆರಡು ತಿಂಗಳ ಅನಂತರ ೩೮ ಮಂದಿಯ ಕೀಲುದ್ರವವನ್ನು ಶೋಧಿಸಿದರೂ ವೈರಸ್ಸು ದೊರೆಯಲಿಲ್ಲ. ಮೊದಲನೆಯದು ಶತ್ರು ಇನ್ನೂ ಕೋಟೆಯೊಳಗಿದ್ದಾನೆನ್ನುತ್ತದೆ. ಎರಡನೆಯದು ಶತ್ರು ಹೋದಮೇಲೂ ಸೈನ್ಯವು ಆಯುಧವನ್ನು ಕೆಳಗಿಟ್ಟಿಲ್ಲವೆನ್ನುತ್ತದೆ. ಸ್ವಪ್ರತಿರೋಧವೆಂಬ ಮಾತು ಸರಿಯಾಗಿ ಒಪ್ಪುವುದು ಎರಡನೆಯದಕ್ಕೆ.

೫

ವೈರಸ್ಸು ರೋಗವನ್ನು ಅನುಕರಿಸುವುದು ಒಂದು, ಪ್ರಚೋದಿಸುವುದು ಇನ್ನೊಂದು, ಎರಡೂ ಅಲ್ಲದ ಕಾಕತಾಳೀಯವು ಮೂರನೆಯದು. ಈ ಮೂರನೆಯದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ೧೯೯೩ರಲ್ಲಿ ಪ್ರಕಟವಾದ ಮಾಳವೀಯ ಮತ್ತು ಸಂಗಡಿಗರ ಸಮೀಕ್ಷೆಯ ಪ್ರಕಾರ ಉತ್ತರಭಾರತದ ಹಳ್ಳಿಗಾಡಿನ ವಯಸ್ಕರಲ್ಲಿ ಶೇಕಡ ೦.೭೫ರಷ್ಟು ಮಂದಿಗೆ ರುಮಟಾಯ್ಡ್ ಸಂಧಿವಾತವಿತ್ತು. ಈ ಪ್ರಮಾಣವನ್ನು ೨೦೦೬ರ ಕರ್ನಾಟಕದ ಏಳೂವರೆ ಲಕ್ಷ ಮಂದಿಗೆ ಅನ್ವಯಿಸಿದರೆ, ಮಕ್ಕಳನ್ನು ಬಿಟ್ಟು ಲೆಕ್ಕ ಹಾಕಿದರೂ, ಜ್ವರಕ್ಕೆ ಸಂಬಂಧವಿಲ್ಲದೆಯೇ ಈ ವ್ಯಾಧಿಯುಳ್ಳವರು ಕೆಲವು ಸಾವಿರ ಮಂದಿಯಾದರೂ ಅವರಲ್ಲಿರುವುದು ಸಹಜ. ಆದುದರಿಂದ ಜ್ವರದ ಹಿಂದೆ ಬಂದುದೆಲ್ಲ ಜ್ವರದಿಂದಲೇ ಬಂದುದೆನ್ನುವುದು ತರ್ಕದೋಷವಾಗುತ್ತದೆ.

ಈ ವಿವೇಚನೆ ಪಾಂಡಿತ್ಯಕ್ಕಾಗಿ ಮಾತ್ರವಲ್ಲ. ಎರಡು ಬಗೆಯ ತಪ್ಪುಗಳೂ ಮನುಷ್ಯನ ಕೈಗಳಿಗೆ ಅಪಾಯಕಾರಿಯಾದುವು. ಕಾಲಕ್ರಮದಲ್ಲಿ ತಾನಾಗಿ ಶಮನವಾಗಬಹುದಾದ ವೈರಸ್ ನೋವಿಗೆ ರುಮಟಾಯ್ಡ್ ಎಂಬ ಮುದ್ರೆ ಬಿದ್ದರೆ, ರೋಗಿಯು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಗಳನ್ನು ವರ್ಷಗಟ್ಟಲೆ ಅನಾವಶ್ಯಕವಾಗಿ ಸೇವಿಸಬೇಕಾದೀತು. ಇದಕ್ಕೆ ವಿರುದ್ಧವಾಗಿ, ನಿಜವಾದ ರುಮಟಾಯ್ಡ್ ಸಂಧಿವಾತವನ್ನು ಚಿಕುನ್‌ಗುನ್ಯದ ಉಳಿಕೆಯೆಂದು ಭಾವಿಸಿ ಕಾಯುತ್ತ ಕುಳಿತರೆ, ಮೊದಲ ಒಂದೆರಡು ವರ್ಷಗಳಲ್ಲಿಯೇ ಎಲುಬು ಸವೆದು ಬೆರಳುಗಳು ಶಾಶ್ವತವಾಗಿ ಸೊಟ್ಟಗಾಗುತ್ತವೆ. ನಾಟಿ ಮಾಡುವ, ಕಳೆ ಕೀಳುವ, ರೊಟ್ಟಿ ಬಡಿಯುವ ಕೈಗಳು ಸೊಟ್ಟಗಾದರೆ ಅದು ವೈದ್ಯಕೀಯ ವಿಷಯವಾಗಿ ಮಾತ್ರ ಉಳಿಯದೆ, ಮನೆಯ ಅನ್ನದ ವಿಷಯವೂ ಆಗುತ್ತದೆ. ಕೇರಳದ ಕೋಳಿಕ್ಕೋಡಿನಿಂದ ೨೦೧೭ರಲ್ಲಿ ಪ್ರಕಟವಾದ ಪ್ರಯೋಗವೊಂದು, ಚಿಕುನ್‌ಗುನ್ಯದ ದೀರ್ಘಕಾಲಿಕ ಸಂಧಿವಾತದಲ್ಲಿ ಒಂದೇ ಔಷಧಕ್ಕಿಂತ ಮೂರು ಔಷಧಗಳ ಸಂಯೋಗವು ಹೆಚ್ಚು ಫಲಕಾರಿಯೆಂದು ತೋರಿಸಿತು. ವೈರಸ್ಸಿನಿಂದ ಬಂದುದೆಂಬ ಮಾತ್ರಕ್ಕೆ ಕೀಲುಬೇನೆಯನ್ನು ಉಪೇಕ್ಷಿಸತಕ್ಕದ್ದಲ್ಲವೆಂಬುದು ಇದರಿಂದಲೂ ವಿದಿತವಾಗುತ್ತದೆ.

ಕೀಲುಗಳನ್ನು ಮೀರಿ ಇಡೀ ದೇಹವನ್ನೇ ಹಿಡಿಯುವ ಉರಿಯೂತದ ವ್ಯಾಧಿಗಳಲ್ಲಿಯೂ ಇದೇ ಸಮಸ್ಯೆಯುಂಟು. ದಿನದಿನವೂ ಏರಿಳಿಯುವ ಜ್ವರ, ಚರ್ಮದ ಮೇಲೆ ಗುಲಾಬಿಬಣ್ಣದ ದದ್ದು, ಕೀಲುನೋವು—ಇವುಗಳಿಂದ ಕೂಡಿದ ಸ್ಟಿಲ್ ರೋಗವನ್ನು ೧೮೯೭ರಲ್ಲಿ ಮಕ್ಕಳಲ್ಲಿ ವರ್ಣಿಸಲಾಯಿತು. ೧೯೭೧ರಲ್ಲಿ ಎರಿಕ್ ಬೈವಾಟರ್ಸ್ ಅದು ವಯಸ್ಕರಿಗೂ ಬರುವುದೆಂದು ಹದಿನಾಲ್ಕು ಮಂದಿಯ ನಿದರ್ಶನದಿಂದ ತೋರಿಸಿದನು. ಇದನ್ನು ನಿರ್ಣಯಿಸಲು ೧೯೯೨ರಲ್ಲಿ ಜಪಾನಿನ ಯಮಗುಚಿ ಮತ್ತು ಸಂಗಡಿಗರು ರಚಿಸಿದ ಸೂತ್ರದಲ್ಲಿಯೇ, ಮೊದಲು ಸೋಂಕುಗಳನ್ನು ತಳ್ಳಿಹಾಕತಕ್ಕದ್ದೆಂಬ ನಿಬಂಧನೆಯಿದೆ. ಇನ್ನು, ದೇಹದ ಮ್ಯಾಕ್ರೋಫೇಜ್ ಕಣಗಳು ಮಿತಿಮೀರಿ ಕೆರಳಿ ಸ್ವಂತ ರಕ್ತಕಣಗಳನ್ನೇ ನುಂಗುವ ಘೋರವಾದ ಸ್ಥಿತಿಯೊಂದಿದೆ. ವೈರಸ್ಸುಗಳು ಇದಕ್ಕೆ ಪ್ರೇರಕವಾಗುವುದನ್ನು ೧೯೭೯ರಲ್ಲಿ ಅಮೆರಿಕದ ರಿಸ್ಡಾಲ್ ಮತ್ತು ಸಂಗಡಿಗರು ಹತ್ತೊಂಬತ್ತು ರೋಗಿಗಳಲ್ಲಿ ದಾಖಲಿಸಿದರು.

ಈ ಕೊನೆಯ ಮಾತು ನಮ್ಮನ್ನು ಸಹ್ಯಾದ್ರಿಗೆ ಮರಳಿಸುತ್ತದೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೆ ಜ್ವರ ಬಂದಾಗ, ಪುಣೆಯ ವೈರಸ್ ಸಂಶೋಧನ ಕೇಂದ್ರದ ಟೆಲ್‌ಫರ್ಡ್ ವರ್ಕ್ ಮತ್ತು ಸಂಗಡಿಗರು ಉಣ್ಣೆಗಳಿಂದ ಹರಡುವ ಹೊಸ ವೈರಸ್ಸೊಂದನ್ನು ಕಂಡುಹಿಡಿದರು. ಈ ಮಂಗನ ಕಾಯಿಲೆಯಿಂದ ಮೃತರಾದ ಮೂವರ ಅಂಗಗಳನ್ನು ಪರೀಕ್ಷಿಸಿ ೧೯೫೯ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕೆಂಪು ರಕ್ತಕಣಗಳನ್ನು ನುಂಗಿದ ಕಣಗಳು ಹೇರಳವಾಗಿದ್ದುದನ್ನು ಹೇಳಿದೆ. ರಿಸ್ಡಾಲನ ಲೇಖನಕ್ಕಿಂತ ಇಪ್ಪತ್ತು ವರ್ಷಗಳ ಹಿಂದೆಯೇ ಕನ್ನಡನಾಡಿನ ಒಂದು ಜ್ವರದಲ್ಲಿ ಈ ಚಿಹ್ನೆ ದಾಖಲಾಗಿತ್ತೆಂಬುದು ಸ್ಮರಣೀಯ. ಮಂಗನ ಕಾಯಿಲೆಯು ಸ್ವಪ್ರತಿರೋಧ ರೋಗವೆಂದು ನಾವು ಹೇಳುತ್ತಿಲ್ಲ. ಆದರೆ ವೈರಸ್ಸಿನ ಹಾವಳಿಗೂ ದೇಹದ ಸ್ವಂತ ಹಾವಳಿಗೂ ನಡುವಣ ಗೆರೆ ಎಷ್ಟು ತೆಳುವೆಂಬುದಕ್ಕೆ ಅದು ಸಾಕ್ಷಿಯಾಗಿದೆ.

ಈ ರೋಗವು ೨೦೧೫ರಲ್ಲಿ ಗೋವೆಯ ಸತ್ತರಿ ಪ್ರದೇಶದಲ್ಲಿ ಕಾಣಿಸಿಕೊಂಡಿತು. ೨೦೧೬ರಲ್ಲಿ, ಗೇರುಬೀಜದ ಕೆಲಸಕ್ಕೆಂದು ಬೆಳಗಾವಿಯ ಕಡೆಯಿಂದ ಗೋವೆಗೆ ಹೋಗಿದ್ದ ಕೂಲಿಗಾರರಲ್ಲಿ ಅದು ದೃಢಪಟ್ಟಿತು. ಜಾಂಬೋಟಿಯ ಮೇಲೆ ಹಾಯುವ ರಸ್ತೆಯು ಸತ್ತರಿಗೇ ಇಳಿಯುವುದೆಂಬುದನ್ನು ಇಲ್ಲಿ ನೆನೆಯಬೇಕು. ಊರಿಗೆ ಮರಳಿ ಹಾಸಿಗೆ ಹಿಡಿದ ಕೂಲಿಗಾರನ ಜ್ವರದ ಕಾರಣವನ್ನು ಅವನ ಊರಿನಲ್ಲಿ ಹುಡುಕಿದರೆ ದೊರೆಯದು. ಎಲ್ಲಿಗೆ ಹೋಗಿದ್ದೆ, ಯಾವ ತಿಂಗಳಲ್ಲಿ ಹೋಗಿದ್ದೆ, ಅಲ್ಲಿ ಮಂಗಗಳು ಸತ್ತಿದ್ದುವೆ ಎಂಬ ಮೂರು ಪ್ರಶ್ನೆಗಳು ಅದನ್ನು ತೋರಿಸಿಕೊಡುತ್ತವೆ.

೬

ಇಲ್ಲಿಯವರೆಗಿನ ವಿವೇಚನೆಯಿಂದ ಎರಡು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದು: ವೈರಸ್ ಜ್ವರಕ್ಕೂ ಸ್ವಪ್ರತಿರೋಧ ರೋಗಕ್ಕೂ ನಡುವಿನ ಗೊಂದಲವು ಪ್ರಯೋಗಶಾಲೆಯ ಕೊರತೆಯಿಂದ ಮಾತ್ರವಲ್ಲದೆ ನೆನಪಿನ ಕೊರತೆಯಿಂದಲೂ ಉಂಟಾಗುತ್ತದೆ. ಬಾರ್ಶಿಯ ಅನುಭವವು ಮೂವತ್ತೆರಡು ವರ್ಷಗಳಲ್ಲಿ ಅಳಿಸಿಹೋಗದಿದ್ದರೆ, ೨೦೦೬ರ ಕೀಲುನೋವು ನಮ್ಮ ವೈದ್ಯರಿಗೆ ಅಷ್ಟು ಅಪರಿಚಿತವಾಗುತ್ತಿರಲಿಲ್ಲ. ಎರಡನೆಯದು: ಜ್ವರದ ದಿನಾಂಕ, ಜ್ವರ ಬಂದಾಗ ಇದ್ದ ಊರು, ನೆರೆಮನೆಗಳ ಸ್ಥಿತಿ—ಈ ಮೂರು ಸಂಗತಿಗಳು ವರ್ಷಗಳ ಅನಂತರವೂ ಸಾಕ್ಷಿಯ ಬೆಲೆಯನ್ನು ಕಳೆದುಕೊಳ್ಳುವುದಿಲ್ಲ. ರಕ್ತದಲ್ಲಿನ ವೈರಸ್ಸು ಒಂದು ವಾರದೊಳಗೆ ಕಾಣೆಯಾಗುತ್ತದೆ. ಬರೆದಿಟ್ಟ ದಿನಾಂಕವು ಉಳಿಯುತ್ತದೆ.

ಬೆಳಗಾವಿಯಲ್ಲಿ ೨೦೦೬ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಾದೇಶಿಕ ಕೇಂದ್ರವು ಸ್ಥಾಪಿತವಾಗಿ, ಮುಂದೆ ಪಾರಂಪರಿಕ ವೈದ್ಯದ ರಾಷ್ಟ್ರೀಯ ಸಂಸ್ಥೆಯಾಗಿ ಬೆಳೆದಿದೆ. ಕಣಗಳನ್ನೂ ಔಷಧಗಳನ್ನೂ ಶೋಧಿಸುವ ಕಾರ್ಯ ಅಂಥ ಸಂಸ್ಥೆಗಳದು. ಹಳ್ಳಿಯ ನೆನಪನ್ನು ಸಂಗ್ರಹಿಸುವ ಕಾರ್ಯ ನಮ್ಮಂಥವರದು. ೨೦೦೬ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಇಂದು ನಡುವಯಸ್ಸಿನವರು. ಐವತ್ತು ದಾಟಿದ್ದವರು ಮುದುಕರಾಗಿದ್ದಾರೆ. ಯಾವ ಮಳೆಗಾಲದಲ್ಲಿ ಜ್ವರ ಬಂತು, ಮನೆಯಲ್ಲಿ ಎಷ್ಟು ಮಂದಿ ಮಲಗಿದರು, ಯಾರ ಕೈಗಳು ಯಾವಾಗ ಸರಿಹೋದುವು, ಯಾರವು ಸರಿಹೋಗಲೇ ಇಲ್ಲ ಎಂಬುದನ್ನು ಅವರು ಇನ್ನೂ ಹೇಳಬಲ್ಲರು. ಇತಿಹಾಸ ವಿಭಾಗದ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ತಮ್ಮ ಊರಿಗೆ ಹೋದಾಗ, ವ್ಯಕ್ತಿಗಳ ಹೆಸರುಗಳನ್ನು ಗೋಪ್ಯವಾಗಿಟ್ಟು, ಇಷ್ಟನ್ನು ಬರೆದುತಂದರೂ ತಾಲ್ಲೂಕಿಗೊಂದು ಜ್ವರಪಂಚಾಂಗವು ಸಿದ್ಧವಾದೀತು. ಶಾಸನಗಳನ್ನು ಕಲ್ಲಿನಿಂದ ಓದುವ ಶಿಸ್ತನ್ನೇ ಇಲ್ಲಿ ಮನುಷ್ಯರ ನೆನಪಿನ ಮೇಲೆ ಪ್ರಯೋಗಿಸಬೇಕಾಗುತ್ತದೆ: ಒಬ್ಬನ ಹೇಳಿಕೆಯನ್ನು ಇನ್ನೊಬ್ಬನ ಹೇಳಿಕೆಯೊಡನೆ ಹೋಲಿಸಬೇಕು, ಕಾಲವನ್ನು ಬಿತ್ತನೆ, ಸುಗ್ಗಿ, ಜಾತ್ರೆಗಳ ಆಧಾರದಿಂದ ಗೊತ್ತುಮಾಡಬೇಕು.

ಇಂಥ ಪಂಚಾಂಗವೊಂದು ಖಾನಾಪುರದ ವೈದ್ಯನ ಮೇಜಿನ ಮೇಲಿದ್ದರೆ, ಊದಿದ ಮಣಿಕಟ್ಟನ್ನು ಮುಂದೆ ಚಾಚಿ ಕುಳಿತ ರೋಗಿಗೆ ಯಾವ ಹೆಸರನ್ನು ಕೊಡಬೇಕು, ಎಷ್ಟು ದಿನ ಕಾಯಬೇಕು, ಯಾವಾಗ ಕಾಯಬಾರದು ಎಂಬುದನ್ನು ನಿರ್ಧರಿಸಲು ಅವನಿಗೆ ಒಂದು ಆಸರೆ ದೊರೆಯುತ್ತದೆ.